ಡಿಪಾರ್ಟ್‌ಮೆಂಟ್ ವೆಬ್‌ಸೈಟ್ ನಿಮ್ಮ ಹೆಗಲಿಗೆ ಬಿದ್ದಾಗ

ಹೊಸದಾಗಿ ಸೇರಿದ ಗೆಸ್ಟ್ ಲೆಕ್ಚರರ್‌ಗೆ ಟೈಮ್‌ಟೇಬಲ್ ಸಿಗುವುದಕ್ಕೂ ಮೊದಲೇ ಒಂದು ಕೆಲಸ ಸಿಗುತ್ತದೆ: ಡಿಪಾರ್ಟ್‌ಮೆಂಟಿನ ವೆಬ್‌ಸೈಟ್. "ನಿಮಗೆ ಕಂಪ್ಯೂಟರ್ ಗೊತ್ತಲ್ವಾ, ಸ್ವಲ್ಪ ನೋಡ್ಕೊಳ್ಳಿ" ಅಂತ ಎಚ್‌ಒಡಿ ಹೇಳಿದರೆ ಮುಗೀತು. ಒಂದು ಚೀಟಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಬರೆದು ಕೊಡುತ್ತಾರೆ. ಅದು ಯಾವ ಸರ್ವರಿನದು, ಒಳಗೆ ಹೋಗುವುದು ಹೇಗೆ, ಹಿಂದೆ ಇದ್ದವರು ಏನೇನು ಮಾಡಿಟ್ಟಿದ್ದಾರೆ, ಇದ್ಯಾವುದೂ ಆ ಚೀಟಿಯಲ್ಲಿ ಇರುವುದಿಲ್ಲ.

ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಪಿಜಿ ಡಿಪಾರ್ಟ್‌ಮೆಂಟಿನಲ್ಲಿ ಲ್ಯಾಬ್ ಪ್ರೋಗ್ರಾಮರ್. ಇಂಥ ಚೀಟಿ ಹಿಡಿದು ಬಂದವರಿಗೆ ಪ್ರತಿ ವರ್ಷ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ಪುಟ ಚಂದ ಕಾಣಿಸುವುದು ಹೇಗೆ ಅನ್ನುವುದು ಇದರಲ್ಲಿ ಇಲ್ಲ. ಫೈಲಿನ ಹೆಸರು, ಅದರ ಪರ್ಮಿಷನ್, ಅದರ ವಿಳಾಸ, ಇವುಗಳ ಮಾತೇ ಜಾಸ್ತಿ. ಯಾಕಂದ್ರೆ ನಮ್ಮಲ್ಲಿ ಪುಟ ಕೆಡುವುದು ಬಹುಪಾಲು ಇಲ್ಲೇ.

ಕಮಾಂಡುಗಳನ್ನು ಫೋನಿನಲ್ಲಿ ಬಾಯಿಮಾತಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಈ ಮಾತು ಮುಂದೆಯೂ ಬರುತ್ತದೆ, ನೆನಪಿರಲಿ.

ಏನು ಕೈಗೆ ಬಂದಿದೆ ಅಂತ ತಿಳಿದುಕೊಳ್ಳಿ

ವಿಶ್ವವಿದ್ಯಾಲಯದ ಮುಖ್ಯ ವೆಬ್‌ಸೈಟ್ ಬೇರೆ, ಡಿಪಾರ್ಟ್‌ಮೆಂಟಿನದು ಬೇರೆ. ಮುಖ್ಯ ಸೈಟನ್ನು ಕಂಪ್ಯೂಟರ್ ಸೆಂಟರ್ ಅಥವಾ ಹೊರಗಿನ ಕಂಪನಿ ನೋಡಿಕೊಳ್ಳುತ್ತದೆ. ಅದರಲ್ಲಿ ಅಡ್ಮಿನ್ ಪ್ಯಾನೆಲ್ ಇರುತ್ತದೆ, ಬಟನ್ ಒತ್ತಿದರೆ ಪುಟ ಬದಲಾಗುತ್ತದೆ. ನಿಮಗೆ ಸಿಕ್ಕಿರುವುದು ಅದೇ ಆದರೆ ಈ ಬರಹದ ಅರ್ಧ ನಿಮಗೆ ಬೇಕಿಲ್ಲ. ಕನ್ನಡ, ಪಿಡಿಎಫ್, ಲಿಂಕುಗಳ ಭಾಗ ಓದಿಕೊಳ್ಳಿ, ಸಾಕು.

ಡಿಪಾರ್ಟ್‌ಮೆಂಟಿಗೇ ಒಂದು ಲಿನಕ್ಸ್ ಸರ್ವರ್ ಇದ್ದು, ಅದರಲ್ಲಿ ಅಪಾಚೆ ಅನ್ನುವ ವೆಬ್ ಸರ್ವರ್ ಪ್ರೋಗ್ರಾಮ್ ಓಡುತ್ತಿದ್ದರೆ, ಪುಟಗಳು ಬರೀ ಫೈಲುಗಳು. ಒಂದು ಫೋಲ್ಡರಿನಲ್ಲಿ ಕೂತಿರುತ್ತವೆ. ಆ ಫೋಲ್ಡರ್ ಎರಡು ಕಡೆ ಇರಬಹುದು. ಇಡೀ ಡಿಪಾರ್ಟ್‌ಮೆಂಟಿನ ಪುಟಗಳಾದರೆ ಸಾಮಾನ್ಯವಾಗಿ ಸ್ಲ್ಯಾಶ್ ವರ್ ಸ್ಲ್ಯಾಶ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸ್ಲ್ಯಾಶ್ ಎಚ್‌ಟಿಎಮ್‌ಎಲ್ ಒಳಗೆ. ಮೇಷ್ಟ್ರುಗಳ ಸ್ವಂತ ಪುಟಗಳಾದರೆ ಅವರವರ ಹೋಮ್ ಫೋಲ್ಡರಿನ ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಮ್‌ಎಲ್ ಒಳಗೆ. ವಿಳಾಸದಲ್ಲಿ ಯೂಸರ್‌ನೇಮಿನ ಹಿಂದೆ ~ ಗುರುತು ಕಂಡರೆ ಎರಡನೆಯದು ಅಂತ ತಿಳಿಯಿರಿ. ಅದು ಕೀಬೋರ್ಡಿನಲ್ಲಿ 1ರ ಎಡಗಡೆ ಇರುವ ಅಲೆಯ ಗೆರೆ, ಟಿಲ್ಡೆ.

ಕಂಪ್ಯೂಟರ್ ಸೆಂಟರಿನವರನ್ನು ಮೊದಲ ದಿನವೇ ಕೇಳಿ: ಸರ್ವರ್ ಎಲ್ಲಿದೆ, ಅಡ್ಮಿನ್ ಯಾರು, ಬ್ಯಾಕಪ್ ಆಗುತ್ತಿದೆಯಾ, ಮನೆಯಿಂದ ಲಾಗಿನ್ ಆಗಬಹುದಾ ಅಥವಾ ಕ್ಯಾಂಪಸ್ ನೆಟ್‌ವರ್ಕ್ ಇಲ್ಲವೇ ವಿಪಿಎನ್ ಬೇಕಾ. "ಎಲ್ಲಿದೆ" ಅನ್ನುವ ಪ್ರಶ್ನೆ ತಮಾಷೆ ಅಲ್ಲ. ಎಷ್ಟೋ ಡಿಪಾರ್ಟ್‌ಮೆಂಟುಗಳಲ್ಲಿ ಸರ್ವರ್ ಅಂದ್ರೆ ಲ್ಯಾಬಿನ ಮೂಲೆಯ ಟೇಬಲ್ ಕೆಳಗಿರುವ ಹಳೇ ಸಿಪಿಯು. ಕಸ ಗುಡಿಸುವಾಗ ಪ್ಲಗ್ ಕಿತ್ತರೆ ವೆಬ್‌ಸೈಟ್ ಹೋಯಿತು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರ್ ಓಡಿಸಿದ ನೆಕ್ಸ್ಟ್ ಕಂಪ್ಯೂಟರಿನ ಮೇಲೂ ಕೆಂಪು ಶಾಯಿಯಲ್ಲಿ ಕೈಯಿಂದ ಬರೆದ ಚೀಟಿ ಅಂಟಿಸಿದ್ದರು: ಇದು ಸರ್ವರ್, ಆಫ್ ಮಾಡಬೇಡಿ ಅಂತ. ನೀವೂ ಒಂದು ಅಂಟಿಸಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

ಒಳಗೆ ಹೋಗುವುದು

ಎಸ್‌ಎಸ್‌ಎಚ್ ಮೂಲಕ ಹೋಗಿ, ಅದು ದೂರದಿಂದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ. ಹಳೇ ಎಫ್‌ಟಿಪಿ ಇನ್ನೂ ಓಡುತ್ತಿದ್ದರೆ ನಿಲ್ಲಿಸಲು ಅಡ್ಮಿನ್‌ಗೆ ಹೇಳಿ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ನೆಟ್‌ವರ್ಕಿನಲ್ಲಿ ಹೋಗುತ್ತದೆ, ನಡುವೆ ಕೂತವರು ಓದಿಕೊಳ್ಳಬಹುದು. ಎಸ್‌ಎಸ್‌ಎಚ್ ಹುಟ್ಟಿದ್ದೇ ಈ ಕಾರಣಕ್ಕೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದರು. ಆಮೇಲೆ ಅಲ್ಲಿನ ತಾತು ಯ್ಲೋನೆನ್ ಇದನ್ನು ಬರೆದರು. ಅಂದರೆ ಇದು ನಮ್ಮಂಥ ಕ್ಯಾಂಪಸ್ಸಿನ ತೊಂದರೆಗೇ ಹುಟ್ಟಿದ ಪರಿಹಾರ.

ವಿಂಡೋಸಿನಲ್ಲಿ ವಿನ್‌ಎಸ್‌ಸಿಪಿ ಹಾಕಿಕೊಳ್ಳಿ, ಉಚಿತ. ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್ ಕಾಣುತ್ತದೆ. ಕಮಾಂಡ್ ಓಡಿಸಲು ಪುಟ್ಟಿ ಆಗಬಹುದು. ಈಗಿನ ವಿಂಡೋಸಿನ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಮೊದಲೇ ಇರುತ್ತದೆ, ಅದೂ ಆಗುತ್ತದೆ.

ಚೀಟಿಯಲ್ಲಿ ಕೊಟ್ಟ ಪಾಸ್‌ವರ್ಡ್ ಹಿಂದಿನವರದ್ದಾದರೆ ಅದನ್ನು ಬಳಸಬೇಡಿ. ನಿಮ್ಮ ಹೆಸರಿನಲ್ಲಿ ಬೇರೆ ಅಕೌಂಟ್ ಕೇಳಿ. ಒಂದೇ ಅಕೌಂಟಿನಲ್ಲಿ ಐದು ಜನ ಲಾಗಿನ್ ಆದರೆ, ನಾಳೆ ಒಂದು ಫೈಲ್ ಮಾಯವಾದಾಗ ಯಾರು ಅಳಿಸಿದ್ದು ಅಂತ ದೇವರಿಗೇ ಗೊತ್ತು. ಅಕೌಂಟ್ ಸಿಕ್ಕ ಮೇಲೆ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ ಒಂದು ಕೀ ಜೋಡಿ ಮಾಡಿಕೊಳ್ಳಿ. ಡಾಟ್ ಪಬ್ ಅಂತ ಕೊನೆಯಾಗುವುದು ಸರ್ವರಿಗೆ ಹೋಗುತ್ತದೆ. ಇನ್ನೊಂದು ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಬಾರದು. ವಾಟ್ಸಾಪಿನಲ್ಲಂತೂ ಬೇಡವೇ ಬೇಡ.

ಹೆಸರಿನ ವಿಷಯ

ಫೋಲ್ಡರಿನ ವಿಳಾಸ ಹೊಡೆದಾಗ ಅಪಾಚೆ ಮೊದಲು ಹುಡುಕುವುದು ಇಂಡೆಕ್ಸ್ ಡಾಟ್ ಎಚ್‌ಟಿಎಮ್‌ಎಲ್ ಅನ್ನುವ ಫೈಲನ್ನು. ಇಂಡೆಕ್ಸ್‌ನ ಐ ದೊಡ್ಡಕ್ಷರ ಮಾಡಿದರೆ ಅದು ಬೇರೆ ಫೈಲ್. ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಅಲ್ಲಿ ದೊಡ್ಡದು ಸಣ್ಣದು ಒಂದೇ ಲೆಕ್ಕ. ಸರ್ವರಿಗೆ ಹಾಕಿದ ಕೂಡಲೇ ಅರ್ಧ ಫೋಟೋ ಕಾಣುವುದಿಲ್ಲ. ಕ್ಯಾಮೆರಾ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತದೆ, ನೀವು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. "ನನ್ನ ಹತ್ರ ಬರ್ತಿದೆ, ಸರ್ವರಲ್ಲಿ ಬರ್ತಿಲ್ಲ" ಅಂತ ಯಾರಾದರೂ ಬಂದರೆ ನಾನು ನೋಡುವ ಮೊದಲ ಜಾಗ ಇದೇ.

ಹೆಸರಿನ ನಡುವೆ ಜಾಗ ಬಿಡಬೇಡಿ, ವಿಳಾಸದಲ್ಲಿ ಅದು %20 ಆಗುತ್ತದೆ. ಬೇಕಾದರೆ ಹೈಫನ್ ಹಾಕಿ.

ಫೈಲಿಗೆ ಕನ್ನಡದಲ್ಲಿ ಹೆಸರಿಡಬಹುದಾ ಅಂತ ಕನ್ನಡ ವಿಭಾಗದವರು ಕೇಳುತ್ತಾರೆ. ಇಡಬಹುದು, ಸರ್ವರ್ ಬೇಡ ಅನ್ನುವುದಿಲ್ಲ. ಆದರೆ ನಾನು ಬೇಡ ಅನ್ನುತ್ತೇನೆ. ಕಾರಣ ನೋಡಿ. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಚಿಹ್ನೆ. "ವೇಳಾಪಟ್ಟಿ" ಅನ್ನುವ ಪುಟ್ಟ ಪದದಲ್ಲಿ 9 ಚಿಹ್ನೆ, ಅಂದರೆ 27 ಬೈಟ್. ವಿಳಾಸವಾಗಿ ಕಾಪಿ ಮಾಡಿದಾಗ ಒಂದೊಂದು ಬೈಟ್ ಶೇಕಡಾ ಗುರುತು ಸೇರಿ 3 ಅಕ್ಷರ ಆಗುತ್ತದೆ. ಒಟ್ಟು 81 ಅಕ್ಷರ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ನಾಲ್ಕು ಸಾಲು ಶೇಕಡಾ ಗುರುತುಗಳೇ ಕಾಣುತ್ತವೆ. ಯಾರೂ ಮುಟ್ಟುವುದಿಲ್ಲ, ವೈರಸ್ ಅಂದುಕೊಳ್ಳುತ್ತಾರೆ. ಪುಟದ ಒಳಗೆ ಎಷ್ಟು ಬೇಕಾದರೂ ಕನ್ನಡ ಇರಲಿ, ಲಿಂಕಿನ ಮೇಲಿನ ಮಾತೂ ಕನ್ನಡದಲ್ಲೇ ಇರಲಿ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ ಇಡಿ.

ಪರ್ಮಿಷನ್

ಇದೊಂದು ತಿಳಿದರೆ ಅರ್ಧ ಕೆಲಸ ಬಂದ ಹಾಗೆ. ಪುಟ ಹಾಕಿದ್ದೀರಿ, ಬ್ರೌಸರ್ 403 ಫರ್ಬಿಡನ್ ಅನ್ನುತ್ತಿದೆ. ಆಗ ಆ ಫೋಲ್ಡರಿಗೆ ಹೋಗಿ ಎಲ್‌ಎಸ್ ಹೈಫನ್ ಎಲ್ ಹೊಡೆಯಿರಿ. ಪ್ರತಿ ಸಾಲಿನ ಮೊದಲಿಗೆ ಹತ್ತು ಗುರುತು ಕಾಣುತ್ತವೆ. ಮೊದಲನೆಯದು ಫೋಲ್ಡರೋ ಫೈಲೋ ಅಂತ ಹೇಳುತ್ತದೆ. ಉಳಿದ ಒಂಬತ್ತನ್ನು ಮೂರು ಮೂರಾಗಿ ಓದಿ: ಫೈಲಿನ ಮಾಲೀಕ, ಗ್ರೂಪು, ಊರಿನವರೆಲ್ಲ. ಆರ್ ಅಂದರೆ ಓದುವುದು, ಡಬ್ಲ್ಯೂ ಅಂದರೆ ಬರೆಯುವುದು, ಎಕ್ಸ್ ಅಂದರೆ ಓಡಿಸುವುದು. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಕೂಡಿದರೆ ಒಬ್ಬೊಬ್ಬರದ್ದು ಒಂದೊಂದು ಅಂಕಿ.

ಅಪಾಚೆ ನಿಮ್ಮ ಅಕೌಂಟಿನಲ್ಲಿ ಓಡುವುದಿಲ್ಲ. ಅದಕ್ಕೆ ಅದರದ್ದೇ ಯೂಸರ್ ಇದೆ. ಉಬುಂಟುವಿನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ರಾಕಿ ಲಿನಕ್ಸಿನಲ್ಲಿ ಅಪಾಚೆ ಅಂತಲೇ ಹೆಸರು. ಹಾಗಾಗಿ ನಿಮ್ಮ ಫೈಲಿನ ಮಟ್ಟಿಗೆ ಅದು ಸಾಮಾನ್ಯವಾಗಿ "ಊರಿನವರ" ಲೆಕ್ಕದಲ್ಲಿ ಬರುತ್ತದೆ. ಫೈಲಿಗೆ 644 ಕೊಟ್ಟರೆ ನೀವು ಬರೆಯಬಹುದು, ಮಿಕ್ಕವರು ಓದಬಹುದು. ಫೋಲ್ಡರಿಗೆ 755. ಫೋಲ್ಡರಿನ ಮೇಲೆ ಎಕ್ಸ್ ಇದ್ದರೆ ಅದನ್ನು ಹಾದು ಒಳಗಿನ ಫೈಲಿಗೆ ಹೋಗಬಹುದು ಅಂತ ಅರ್ಥ. ಹೊಸಬರು ಎಡವುವುದು ಇಲ್ಲಿ. ಫೈಲ್ 644 ಇದೆ, ಪಬ್ಲಿಕ್ ಎಚ್‌ಟಿಎಮ್‌ಎಲ್ 755 ಇದೆ, ಆದರೂ 403. ಯಾಕೆ? ಮೇಲಿನ ಹೋಮ್ ಫೋಲ್ಡರ್ 700 ಇರುತ್ತದೆ. ಅಪಾಚೆಗೆ ಅದನ್ನೇ ದಾಟಲು ಆಗುವುದಿಲ್ಲ. ಹೋಮ್ ಫೋಲ್ಡರಿಗೆ 711 ಕೊಡಿ. ಆಗ ಹೊರಗಿನವರು ಹಾದು ಹೋಗಬಹುದು, ಒಳಗೆ ಏನೇನಿದೆ ಅಂತ ಪಟ್ಟಿ ನೋಡಲಾಗುವುದಿಲ್ಲ. ಕಮಾಂಡು: ಸಿಎಚ್‌ಮಾಡ್ 711, ಜಾಗ ಬಿಟ್ಟು ಟಿಲ್ಡೆ.

ಎಲ್ಲ ಸರಿ ಇದ್ದೂ 403 ಬಂದರೆ, ಸರ್ವರ್ ರಾಕಿ ಅಥವಾ ಹಳೇ ಸೆಂಟ್‌ಒಎಸ್ ಆದರೆ, ಎಸ್‌ಇ-ಲಿನಕ್ಸ್ ಅನ್ನುವ ಕಾವಲು ವ್ಯವಸ್ಥೆಯ ಮೇಲೆ ಅನುಮಾನ ಪಡಿ. ಅದು ಪ್ರತಿ ಫೈಲಿಗೂ ಒಂದು ಲೇಬಲ್ ಅಂಟಿಸಿರುತ್ತದೆ. ಬೇರೆ ಕಡೆಯಿಂದ ಎಮ್‌ವಿ (ಮೂವ್) ಮಾಡಿ ತಂದರೆ ಹಳೇ ಲೇಬಲ್ಲೇ ಬರುತ್ತದೆ, ಅಪಾಚೆ ಮುಟ್ಟುವುದಿಲ್ಲ. ಸಿಪಿ (ಕಾಪಿ) ಮಾಡಿ ತಂದರೆ ಹೊಸ ಜಾಗದ ಲೇಬಲ್ ಹತ್ತುತ್ತದೆ. ಆಗಲೇ ಎಮ್‌ವಿ ಆಗಿಹೋಗಿದ್ದರೆ ರಿಸ್ಟೋರ್‌ಕಾನ್ ಹೈಫನ್ ದೊಡ್ಡ ಆರ್ ಓಡಿಸಿದರೆ ಸರಿಹೋಗುತ್ತದೆ. ಅಂದ ಹಾಗೆ ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೆ ಅಪ್‌ಡೇಟ್ ನಿಂತಿದೆ. ನಿಮ್ಮ ಸರ್ವರ್ ಇನ್ನೂ ಅದರಲ್ಲೇ ಇದ್ದರೆ ಒಂದು ಪತ್ರ ಬರೆದು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದರೆ ಏನೂ ಆಗುವುದಿಲ್ಲ.

777 ಮಾತ್ರ ಯಾವತ್ತೂ ಕೊಡಬೇಡಿ. "777 ಕೊಟ್ಟೆ, ಸರಿಹೋಯ್ತು" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸರಿಹೋಗುತ್ತದೆ, ನಿಜ. ಜೊತೆಗೆ ಆ ಸರ್ವರಿನಲ್ಲಿ ಓಡುವ ಯಾವ ಪ್ರೋಗ್ರಾಮ್ ಬೇಕಾದರೂ ನಿಮ್ಮ ಫೋಲ್ಡರಿನಲ್ಲಿ ಬರೆಯಬಹುದು.

ಇಬ್ಬರು ಮೂವರು ಸೇರಿ ಒಂದೇ ಫೋಲ್ಡರ್ ನೋಡಿಕೊಳ್ಳುವುದಾದರೆ 777ರ ಆಸೆ ಜಾಸ್ತಿ. ಅದಕ್ಕೆ ಸರಿಯಾದ ದಾರಿ ಗ್ರೂಪು. ಅಡ್ಮಿನ್ ಹತ್ತಿರ ಒಂದು ಗ್ರೂಪ್ ಮಾಡಿಸಿ, ಎಲ್ಲರನ್ನೂ ಅದಕ್ಕೆ ಸೇರಿಸಿ, ಫೋಲ್ಡರನ್ನು ಸಿಎಚ್‌ಜಿಆರ್‌ಪಿ ಕಮಾಂಡಿನಿಂದ ಆ ಗ್ರೂಪಿಗೆ ಕೊಟ್ಟು, ಸಿಎಚ್‌ಮಾಡ್ 2775 ಹಾಕಿ. ಮುಂದಿನ ಆ 2 ಇದೆಯಲ್ಲ, ಅದರಿಂದ ಒಳಗೆ ಹುಟ್ಟುವ ಪ್ರತಿ ಹೊಸ ಫೈಲೂ ಅದೇ ಗ್ರೂಪಿಗೆ ಸೇರುತ್ತದೆ. ಹೊಸ ಫೈಲಿಗೆ ಯಾವ ಪರ್ಮಿಷನ್ ಬರಬೇಕು ಅಂತ ಹೇಳುವ ಯುಮಾಸ್ಕ್ ಪ್ರತಿಯೊಬ್ಬರದ್ದೂ 002 ಇರಲಿ, ಇಲ್ಲದಿದ್ದರೆ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ತಿದ್ದಲು ಆಗುವುದಿಲ್ಲ. ಕಾಂಟ್ರಾಕ್ಟ್ ಮುಗಿದು ಹೋದವರ ಹೆಸರಿನಲ್ಲಿ ಫೈಲುಗಳು ಕೂತು, ಯಾರೂ ಮುಟ್ಟಲಾಗದೆ, ಹಳೇ ಎಚ್‌ಒಡಿಯ ಫೋಟೋ ಮುಖಪುಟದಲ್ಲಿ ವರ್ಷಗಟ್ಟಲೆ ನಗುತ್ತಾ ಇರುವುದು ಈ ಕಾರಣಕ್ಕೇ.

ಒಂದು ಪುಟ ತಿದ್ದಿ ನೋಡೋಣ

ಮೂರನೇ ಸೆಮಿಸ್ಟರಿನ ಟೈಮ್‌ಟೇಬಲ್ಲಿನಲ್ಲಿ ಬುಧವಾರದ ಲ್ಯಾಬ್ ಗುರುವಾರಕ್ಕೆ ಹೋಗಿದೆ ಅಂದುಕೊಳ್ಳಿ. ಮೊದಲು ಈಗಿನ ಫೈಲಿನ ಪ್ರತಿ ತೆಗೆಯಿರಿ. ಪ್ರತಿಯನ್ನು ವೆಬ್ ಫೋಲ್ಡರಿನ ಒಳಗೇ ಇಡಬೇಡಿ. ಹೋಮ್ ಫೋಲ್ಡರಿನಲ್ಲಿ ಹಳತು ಅಂತ ಒಂದು ಫೋಲ್ಡರ್ ಮಾಡಿ, ಅಲ್ಲಿಗೆ ತಾರೀಕು ಸೇರಿಸಿ ಸಿಪಿ ಮಾಡಿ. ವೆಬ್ ಫೋಲ್ಡರಿನಲ್ಲಿ ಓಲ್ಡ್, ನ್ಯೂ, ಫೈನಲ್, ಫೈನಲ್2 ಅಂತ ಬಿಟ್ಟರೆ ಗೂಗಲ್ ಅದನ್ನೂ ಹುಡುಕಿ ತೋರಿಸುತ್ತದೆ. ಹೋದ ವರ್ಷದ ಟೈಮ್‌ಟೇಬಲ್ ನೋಡಿಕೊಂಡು ವಿದ್ಯಾರ್ಥಿ ಬುಧವಾರವೇ ಬರುತ್ತಾನೆ.

ಈಗ ನ್ಯಾನೋ ಅಂತ ಹೊಡೆದು ಫೈಲಿನ ಹೆಸರು ಕೊಡಿ. ಕಂಟ್ರೋಲ್ ಡಬ್ಲ್ಯೂ ಒತ್ತಿ ಬುಧವಾರ ಅಂತ ಹುಡುಕಿ. ಟೇಬಲ್ಲಿನ ಒಂದು ಅಡ್ಡಸಾಲು ಟಿಆರ್ ಟ್ಯಾಗಿನಲ್ಲಿ ಶುರುವಾಗಿ ಸ್ಲ್ಯಾಶ್ ಟಿಆರ್‌ನಲ್ಲಿ ಮುಗಿಯುತ್ತದೆ. ನಡುವಿನ ಒಂದೊಂದು ಮನೆಯೂ ಟಿಡಿ, ಸ್ಲ್ಯಾಶ್ ಟಿಡಿ. ನೀವು ಬದಲಿಸಬೇಕಾದ್ದು ಎರಡು ಟಿಡಿಗಳ ನಡುವಿನ ಮಾತು ಮಾತ್ರ. ಬುಧವಾರದ ಮನೆಯಿಂದ ಲ್ಯಾಬಿನ ಹೆಸರು ತೆಗೆದರೂ ಖಾಲಿ ಟಿಡಿ ಉಳಿಯಬೇಕು. ಟಿಡಿಯನ್ನೇ ಅಳಿಸಿದರೆ ಮಧ್ಯಾಹ್ನದ ಕ್ಲಾಸುಗಳೆಲ್ಲ ಒಂದು ಮನೆ ಎಡಕ್ಕೆ ಸರಿಯುತ್ತವೆ. ಮೂರು ಗಂಟೆಯ ಕ್ಲಾಸು ಎರಡು ಗಂಟೆಗೆ ಕಾಣುತ್ತದೆ. ಪುಟ ನೋಡಲು ಚೆನ್ನಾಗೇ ಇರುತ್ತದೆ, ಅದೇ ಅಪಾಯ. ತಿದ್ದಿದ ಮೇಲೆ ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ಪುಟದ ಕೆಳಗಿನ "ಕೊನೆಯ ಬದಲಾವಣೆ" ತಾರೀಕನ್ನೂ ಬದಲಿಸಿ.

ಸರ್ವರಿನಲ್ಲಿ ನ್ಯಾನೋ ಇಲ್ಲದೆ ವಿಐ ಮಾತ್ರ ಇದ್ದರೆ: ಬರೆಯಲು ಐ ಒತ್ತಿ, ಮುಗಿದ ಮೇಲೆ ಎಸ್ಕೇಪ್, ಆಮೇಲೆ ಕೋಲನ್ ಡಬ್ಲ್ಯೂಕ್ಯೂ. ಗಾಬರಿಯಾದರೆ ಎಸ್ಕೇಪ್ ಒತ್ತಿ ಕೋಲನ್ ಕ್ಯೂ ಆಶ್ಚರ್ಯಸೂಚಕ ಚಿಹ್ನೆ, ಏನೂ ಉಳಿಸದೆ ಹೊರಬರುತ್ತೀರಿ.

ಬ್ರೌಸರಿನಲ್ಲಿ ನೋಡಿ. ಹಳೆಯದೇ ಕಾಣುತ್ತಿದ್ದರೆ ಮತ್ತೆ ಹೋಗಿ ತಿದ್ದಬೇಡಿ, ಅದು ಬ್ರೌಸರ್ ಇಟ್ಟುಕೊಂಡ ಹಳೇ ಪ್ರತಿ. ಕಂಟ್ರೋಲ್ ಶಿಫ್ಟ್ ಆರ್ ಒತ್ತಿ. ಆಮೇಲೆ ಮೊಬೈಲಿನಲ್ಲಿ, ವೈಫೈ ಆಫ್ ಮಾಡಿ, ಡೇಟಾದಲ್ಲಿ ನೋಡಿ. ನಿಮ್ಮ ವಿದ್ಯಾರ್ಥಿಗಳು ನೋಡುವುದು ಹಾಗೇ, ಬಸ್ಸಿನಲ್ಲಿ ನಿಂತುಕೊಂಡು. ಕ್ಯಾಂಪಸ್ ಒಳಗೆ ಮಾತ್ರ ತೆರೆದು ಹೊರಗೆ ತೆರೆಯದ ಸೈಟುಗಳನ್ನೂ ಕಂಡಿದ್ದೇನೆ. ಆಫೀಸಿನಲ್ಲಿ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ತಿದ್ದುವುದು ಜಾಸ್ತಿ ಇದ್ದರೆ ಇಡೀ ಸೈಟಿನ ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ತಂದು, ಅಲ್ಲಿ ತಿದ್ದಿ, ಆರ್‌ಸಿಂಕ್ ಕಮಾಂಡಿನ ಮೂಲಕ ಕಳಿಸಿ. ಮೊದಲು ಹೈಫನ್ ಎವಿಎನ್ ಹಾಕಿ ಓಡಿಸಿ. ಎನ್ ಇದ್ದಾಗ ಅದು ಏನು ಮಾಡುತ್ತೇನೆ ಅಂತ ಪಟ್ಟಿ ತೋರಿಸುತ್ತದೆ, ಮಾಡುವುದಿಲ್ಲ. ಪಟ್ಟಿ ಓದಿ, ಸರಿ ಅನಿಸಿದರೆ ಎನ್ ತೆಗೆದು ಓಡಿಸಿ. ಕಳಿಸುವ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿನ ಫೈಲುಗಳು ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ಡಿಲೀಟ್ ಆಯ್ಕೆಯನ್ನು ಅಭ್ಯಾಸ ಆಗುವ ತನಕ ಮುಟ್ಟಬೇಡಿ.

ವರ್ಡಿನಿಂದ ಕಾಪಿ ಮಾಡಿ ನೇರವಾಗಿ ಹಚ್ಚಬೇಡಿ. ಅದರ ಜೊತೆ ಕಸ ಬರುತ್ತದೆ. ಮೊದಲು ನೋಟ್‌ಪ್ಯಾಡಿಗೆ ಹಚ್ಚಿ, ಅಲ್ಲಿಂದ ತೆಗೆದುಕೊಳ್ಳಿ.

ಕನ್ನಡ ಕೆಟ್ಟು ಕಂಡರೆ

ಎರಡು ಥರ ಕೆಡುತ್ತದೆ. ನೋಡಿದ ಕೂಡಲೇ ಯಾವುದು ಅಂತ ಹೇಳಬಹುದು.

ಇಂಗ್ಲಿಷಿನ ಸಣ್ಣ ಎ ಮೇಲೆ ಓರೆ ಗೆರೆ, ಅದರ ಪಕ್ಕ ಮೇಲಕ್ಕೆ ಕೂತ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ಅಕ್ಷರ ಸುರಕ್ಷಿತವಾಗಿದೆ. ಫೈಲು ಯುಟಿಎಫ್-8ರಲ್ಲಿದೆ, ಬ್ರೌಸರಿಗೆ ಅದು ಗೊತ್ತಾಗಿಲ್ಲ, ಅಷ್ಟೆ. ಹೆಡ್ ಟ್ಯಾಗಿನ ಒಳಗೆ ಮೊದಲ ಸಾಲಿಗೇ ಮೆಟಾ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಹಾಕಿ. ಆದರೂ ಹೋಗದಿದ್ದರೆ ಸರ್ವರೇ ಬೇರೆ ಕ್ಯಾರ್‌ಸೆಟ್ ಹೇಳುತ್ತಿದೆ. ಆ ಫೋಲ್ಡರಿನ ಬಗ್ಗೆ ಅಪಾಚೆಗೆ ಸೂಚನೆ ಕೊಡುವ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಆಡ್‌ಡಿಫಾಲ್ಟ್‌ಕ್ಯಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲು ಸೇರಿಸಿ. ಆ ಫೈಲಿಗೆ ಅಡ್ಮಿನ್ ಅನುಮತಿ ಕೊಟ್ಟಿದ್ದರೆ ಕೆಲಸ ಮಾಡುತ್ತದೆ.

ಇನ್ನೊಂದು ಥರ: ದೊಡ್ಡ ಎ ಮೇಲೆ ಓರೆ ಗೆರೆ, ಸುತ್ತ ದೊಡ್ಡ ಪಿ, ಸಣ್ಣ ಕ್ಯೂ, ಪೌಂಡ್ ಗುರುತು. ಇದು ಹಳೇ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟು ಅದಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಪದೇ ಪದೇ ಕಾಣುವ ಆ ದೊಡ್ಡ ಎ ನಮ್ಮ ತಲೆಕಟ್ಟು. ಇದಕ್ಕೆ ಮೆಟಾ ಸಾಲು ಹಾಕಿ ಪ್ರಯೋಜನ ಇಲ್ಲ, ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಇವೆ. ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಓದಿ. ವ್ಯಕ್ತಿಗಳ ಹೆಸರನ್ನಂತೂ ಒಂದೊಂದಾಗಿ ನೋಡಿ. ಆಫೀಸಿನ ಟೈಪಿಸ್ಟಿಗೆ ನುಡಿ ಬಿಡಿ ಅಂತ ಹೇಳಬೇಕಿಲ್ಲ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಬೋರ್ಡ್ ಅದೇ. "ಮೇಡಂ, ಇದೊಂದು ಟಿಕ್ ಹಾಕಿಕೊಳ್ಳಿ" ಅಂದರೆ ಸಾಕು.

ಎಚ್‌ಟಿಎಮ್‌ಎಲ್ ಟ್ಯಾಗಿನಲ್ಲಿ ಲ್ಯಾಂಗ್ ಈಕ್ವಲ್ ಕೆಎನ್ (ಭಾಷೆ ಕನ್ನಡ) ಅಂತ ಬರೆಯಿರಿ. ಕಣ್ಣು ಕಾಣದ ವಿದ್ಯಾರ್ಥಿ ಎನ್‌ವಿಡಿಎಯಂಥ ಸ್ಕ್ರೀನ್ ರೀಡರಿನಲ್ಲಿ ಓದುವಾಗ ಕನ್ನಡದ ಧ್ವನಿ ಆರಿಸಿಕೊಳ್ಳಲು ಅದು ನೆರವಾಗುತ್ತದೆ.

ಪಿಡಿಎಫ್, ಲಿಂಕು ಮತ್ತು ನ್ಯಾಕ್

ಸುತ್ತೋಲೆಯನ್ನು ಪ್ರಿಂಟ್ ತೆಗೆದು, ಸೀಲು ಸಹಿ ಹಾಕಿ, ಸ್ಕ್ಯಾನ್ ಮಾಡಿ, ಓರೆಯಾದ ಪಿಡಿಎಫ್ ಹಾಕುವುದು ನಮ್ಮ ಸಂಪ್ರದಾಯ. ಸಹಿ ಬೇಕೇ ಬೇಕು ಅಂದರೆ ಹಾಕಿ, ನಾನೇನೂ ಜಗಳ ಮಾಡುವುದಿಲ್ಲ. ಆದರೆ ಪುಟದಲ್ಲಿ ಎರಡು ಸಾಲು ಬರೆಯಿರಿ: ಯಾವ ಸೆಮಿಸ್ಟರ್, ಕೊನೆಯ ದಿನ ಯಾವುದು, ಶುಲ್ಕ ಎಷ್ಟು. ಸ್ಕ್ಯಾನ್ ಆದ ಪಿಡಿಎಫ್ ಬರೀ ಚಿತ್ರ. ಅದರಲ್ಲಿ ಹುಡುಕಲು ಆಗುವುದಿಲ್ಲ, ಸ್ಕ್ರೀನ್ ರೀಡರ್ ಓದುವುದಿಲ್ಲ, ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಬೆರಳು ನೋಯುತ್ತದೆ.

ವಿಳಾಸ ಬದಲಿಸಬೇಡಿ. ಈ ಒಂದು ಮಾತಿಗೆ ನಾನು ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರ ಹತ್ತಿರ ಬೈಸಿಕೊಂಡಿದ್ದೇನೆ, ಆದರೂ ಬಿಡುವುದಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕಳಿಸುವ ಸ್ವಯಂ ಅಧ್ಯಯನ ವರದಿ ಎಸ್‌ಎಸ್‌ಆರ್‌ನಲ್ಲಿ ದಾಖಲೆಗಳ ಲಿಂಕ್ ಕೊಟ್ಟಿರುತ್ತಾರೆ. ಪ್ರತಿ ವರ್ಷದ ಗುಣಮಟ್ಟ ವರದಿ ಎಕ್ಯೂಎಆರ್‌ನಲ್ಲೂ ಕೊಟ್ಟಿರುತ್ತಾರೆ. ದಾಖಲೆ ತಾಳೆ ನೋಡುವ ಡಿವಿವಿಯವರು ಪರಿಶೀಲನೆಗೆ ಕೂತಾಗ ಅದೇ ಲಿಂಕ್ ಒತ್ತುತ್ತಾರೆ. ನೀವು ನಡುವೆ ಒಂದು ದಿನ ಉತ್ಸಾಹದಲ್ಲಿ ಫೋಲ್ಡರುಗಳನ್ನೆಲ್ಲ ಜೋಡಿಸಿ, ಹೆಸರು ಬದಲಿಸಿ, ಸೈಟು ನೀಟಾಗಿ ಮಾಡಿದ್ದರೆ ಅವರಿಗೆ ಕಾಣುವುದು ಪುಟ ಸಿಗಲಿಲ್ಲ ಅನ್ನುವ 404. ಆಗ ಶುರುವಾಗುವ ಓಡಾಟ ಇದೆಯಲ್ಲ, ರಾತ್ರಿ ಹತ್ತು ಗಂಟೆಗೆ ಗುಣಮಟ್ಟ ಘಟಕದ (ಐಕ್ಯೂಎಸಿ) ಕೋಆರ್ಡಿನೇಟರ್ ಫೋನು!

ಹಾಗಾಗಿ ಪ್ರತಿ ವರ್ಷ ಬದಲಾಗುವುದನ್ನು ಎರಡಾಗಿ ಇಡಿ. ಸಿಲಬಸ್ ಡಾಟ್ ಪಿಡಿಎಫ್ ಅನ್ನುವ ಒಂದೇ ಹೆಸರಿನಲ್ಲಿ ಯಾವಾಗಲೂ ಈಗಿನದು ಇರಲಿ. ಹಳೆಯದಕ್ಕೆ ಹೆಸರಲ್ಲೇ ವರ್ಷ ಸೇರಿಸಿ, ಬೇರೆ ಫೋಲ್ಡರಿನಲ್ಲಿ ಇಡಿ. ಎಲ್ಲಾದರೂ ವರದಿಯಲ್ಲಿ ಲಿಂಕ್ ಕೊಡುವುದಾದರೆ ವರ್ಷ ಇರುವುದನ್ನೇ ಕೊಡಿ. ಹೆಸರು ಬದಲಿಸದೆ ಗತಿಯಿಲ್ಲ ಅಂದಾಗ ಡಾಟ್ ಎಚ್‌ಟಿಆಕ್ಸೆಸ್‌ನಲ್ಲಿ ರಿಡೈರೆಕ್ಟ್ 301, ಹಳೇ ವಿಳಾಸ, ಹೊಸ ವಿಳಾಸ, ಹೀಗೆ ಒಂದು ಸಾಲು ಹಾಕಿ. ಹಳೇ ಲಿಂಕ್ ಒತ್ತಿದವರು ತಾವಾಗಿ ಹೊಸ ಕಡೆಗೆ ಹೋಗುತ್ತಾರೆ.

ಸೆಮಿನಾರ್ ಫೋಟೋಗಳು: ಮೊಬೈಲಿನಿಂದ ತೆಗೆದದ್ದು ಒಂದೊಂದೂ 4-5 ಎಂಬಿ. 1200 ಪಿಕ್ಸೆಲ್ ಅಗಲ ಸಾಕು. ಇಮೇಜ್‌ಮ್ಯಾಜಿಕ್‌ನ ಮೋಗ್ರಿಫೈ ಕಮಾಂಡು ಇಡೀ ಫೋಲ್ಡರನ್ನು ಒಮ್ಮೆಗೇ ಕಿರಿದು ಮಾಡುತ್ತದೆ, ಆದರೆ ಮೂಲ ಫೈಲಿನ ಮೇಲೇ ಬರೆಯುತ್ತದೆ, ಪ್ರತಿ ಇಟ್ಟುಕೊಂಡೇ ಓಡಿಸಿ. ಜೊತೆಗೆ ಹೈಫನ್ ಸ್ಟ್ರಿಪ್ ಹಾಕಿದರೆ ಫೋಟೋದಲ್ಲಿ ಅಡಗಿರುವ ಜಿಪಿಎಸ್ ಜಾಗದ ಮಾಹಿತಿಯೂ ಹೋಗುತ್ತದೆ.

ಹಾಕಬಾರದ್ದು, ನುಗ್ಗಿ ಬರುವುದು

ಆಧಾರ್ ನಂಬರ್, ಮೊಬೈಲ್ ನಂಬರ್, ಜಾತಿ ಕಾಲಂ ಇರುವ ಪ್ರವೇಶ ಪಟ್ಟಿಯನ್ನು ಎಕ್ಸೆಲ್‌ನಿಂದ ತೆಗೆದು ಹಾಗೇ ಪಿಡಿಎಫ್ ಮಾಡಿ ಹಾಕಬೇಡಿ. ಲಿಂಕ್ ಕೊಡದಿದ್ದರೆ ಯಾರಿಗೂ ಕಾಣುವುದಿಲ್ಲ ಅನ್ನುವುದು ಸುಳ್ಳು. ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲ್ ಇಲ್ಲದಿದ್ದರೆ ಅಪಾಚೆ ಒಳಗಿನ ಫೈಲುಗಳ ಪಟ್ಟಿಯನ್ನೇ ತೋರಿಸಬಹುದು. ಡಾಟ್ ಎಚ್‌ಟಿಆಕ್ಸೆಸ್‌ನಲ್ಲಿ ಆಪ್ಷನ್ಸ್ ಹೈಫನ್ ಇಂಡೆಕ್ಸಸ್ ಹಾಕಿದರೆ ಅದು ನಿಲ್ಲುತ್ತದೆ. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿಯಲ್ಲಿ ಬರೆದರೆ ಅಡಗುತ್ತದೆ ಅಂತ ಕೆಲವರು ನಂಬಿದ್ದಾರೆ. ಅದು ಸರ್ಚ್ ಎಂಜಿನ್‌ಗಳಿಗೆ ಮಾಡುವ ವಿನಂತಿ ಅಷ್ಟೆ. ಯಾರು ಬೇಕಾದರೂ ಅದನ್ನು ತೆರೆದು ನೀವು ಏನು ಅಡಗಿಸಿದ್ದೀರಿ ಅಂತ ಓದಬಹುದು. ಅದೂ ಸೈಟಿನ ಬುಡದಲ್ಲಿ ಇದ್ದರೆ ಮಾತ್ರ ಲೆಕ್ಕಕ್ಕೆ. ಟಿಲ್ಡೆ ಫೋಲ್ಡರಿನಲ್ಲಿ ಇಟ್ಟ ರೋಬೋಟ್ಸ್ ಫೈಲನ್ನು ಯಾವ ಸರ್ಚ್ ಎಂಜಿನ್ನೂ ನೋಡುವುದಿಲ್ಲ.

ತಿಂಗಳಿಗೊಮ್ಮೆ ಗೂಗಲ್‌ನಲ್ಲಿ ಸೈಟ್ ಕೋಲನ್, ನಿಮ್ಮ ವಿಳಾಸ, ಪಕ್ಕದಲ್ಲಿ ಸ್ಲಾಟ್ ಅಥವಾ ಕ್ಯಾಸಿನೋ ಅಂತ ಹುಡುಕಿ. ಎಸಿ ಡಾಟ್ ಇನ್ ಸೈಟುಗಳಲ್ಲಿ ಜೂಜಿನ ಪುಟಗಳನ್ನು ತುರುಕುವುದು ಈಗ ಸಾಮಾನ್ಯ. ಕಾರಣ ಸರಳ. ಎಸಿ ಡಾಟ್ ಇನ್ ಹೆಸರು ಅರ್ನೆಟ್ ಇಂಡಿಯಾ ಮೂಲಕ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುವುದರಿಂದ ಸರ್ಚ್ ಎಂಜಿನ್‌ಗಳ ಹತ್ತಿರ ಅದಕ್ಕೆ ಬೆಲೆ ಇದೆ. ದಾರಿ ಹೆಚ್ಚಾಗಿ ಹಳೇ ಸೆಮಿನಾರಿಗೆ ಅಂತ ಹಾಕಿ ಮರೆತ ವರ್ಡ್‌ಪ್ರೆಸ್, ಜೂಮ್ಲಾ, ಇಲ್ಲವೇ ಯಾವುದಾದರೂ 777 ಫೋಲ್ಡರು. ಸೆಮಿನಾರ್ ಮುಗಿದ ಮೇಲೆ ಅದರ ಪುಟಗಳನ್ನು ಸಾದಾ ಎಚ್‌ಟಿಎಮ್‌ಎಲ್ ಆಗಿ ಉಳಿಸಿ, ಪಿಎಚ್‌ಪಿ ಭಾಗ ತೆಗೆದುಬಿಡಿ.

ಅನುಮಾನ ಬಂದರೆ ವೆಬ್ ಫೋಲ್ಡರಿನಲ್ಲಿ ನಿಂತು ಫೈಂಡ್, ಡಾಟ್, ಹೈಫನ್ ಎಮ್‌ಟೈಮ್, ಹೈಫನ್ 7 ಹೊಡೆಯಿರಿ. ಕಳೆದ ಒಂದು ವಾರದಲ್ಲಿ ಬದಲಾದ ಫೈಲುಗಳು ಬರುತ್ತವೆ. ನೀವು ಮುಟ್ಟದ ಫೈಲ್ ಅಲ್ಲಿದ್ದರೆ ಸುಮ್ನೆ ಅಳಿಸಿ ಕೂರಬೇಡಿ. ಎಲ್ಲಿಂದ ಬಂದರು ಅಂತ ಗೊತ್ತಾಗಬೇಕಲ್ಲ. ಕೂಡಲೇ ಕಂಪ್ಯೂಟರ್ ಸೆಂಟರಿಗೆ ಬರೆದು ತಿಳಿಸಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಅದನ್ನು ಅವರು ನೋಡಿಕೊಳ್ಳುತ್ತಾರೆ, ನೀವು ತಡ ಮಾಡಬೇಡಿ.

ಬಿಟ್ಟು ಹೋಗುವಾಗ

ಹೋಮ್ ಫೋಲ್ಡರಿನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್ ಬರೆದಿಡಿ. ಯಾವ ಫೋಲ್ಡರಿನಲ್ಲಿ ಏನಿದೆ, ಬ್ಯಾಕಪ್ ಎಲ್ಲಿದೆ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಯಾರು ನವೀಕರಿಸುತ್ತಾರೆ, ಇಷ್ಟು ಇರಲಿ. ಲೆಟ್ಸ್ ಎನ್‌ಕ್ರಿಪ್ಟ್‌ನದಾದರೆ ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುತ್ತದೆ, ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಮ್ ತಾನಾಗಿ ನವೀಕರಿಸುತ್ತಿದೆಯಾ ನೋಡಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ.

ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಅಕೌಂಟಿನಿಂದಲೇ ಒಂದು ಪುಟ ತಿದ್ದಿಸಿ. ಅದು ಹೊರಗೆ ಕಂಡ ಮೇಲೆ ನಿಮ್ಮ ಅಕೌಂಟ್ ಮುಚ್ಚಿ ಅಂತ ಅಡ್ಮಿನ್‌ಗೆ ಪತ್ರ ಕೊಡಿ. ಹಂಚಿಕೊಂಡ ಅಕೌಂಟ್ ಏನಾದರೂ ಇದ್ದರೆ ಅದರ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಆಥರೈಜ್ಡ್ ಕೀಸ್ ಫೈಲಿನಲ್ಲಿ ನಿಮ್ಮ ಹೆಸರಿನ ಸಾಲು ಇರುತ್ತದೆ. ಅದನ್ನು ಹೊಸಬರ ಕೈಯಿಂದಲೇ ಅಳಿಸಿಸಿ. ಆಮೇಲೆ ಒಮ್ಮೆ ಲಾಗಿನ್ ಆಗಲು ನೋಡಿ, ಆಗಬಾರದು.